ಬಾಗಿಲು ಹಾಕುವಾಗಲೂ ಹೆಸರು ಕೂಗಬೇಕು

ಶಿಷ್ಟಾಚಾರ ಕಲಿಯಬೇಕೆಂದರೆ ಕಂಪ್ಯೂಟರಿಗೆ ದಾಖಲೆ ಬರೆದುಕೊಡುವ ಎಕ್ಸ್‌ಎಂಎಲ್ ನೋಡಿ. <ಆಮಂತ್ರಣ> ಎಂದು ಬಾಗಿಲು ತೆರೆದವರು </ಆಮಂತ್ರಣ> ಎಂದು ಮತ್ತೊಮ್ಮೆ ಪೂರ್ತಿ ಹೆಸರು ಕೂಗಿಯೇ ಬಾಗಿಲು ಹಾಕಬೇಕು. ಒಳಗೆ <ವರ>ರಮೇಶ</ವರ>, <ವಧು>ಸುಮಾ</ವಧು>. ಮದುಮಕ್ಕಳಿಗಿಂತ ಟ್ಯಾಗ್ ಎಂಬ ದ್ವಾರಪಾಲಕರೇ ಹೆಚ್ಚು. ಇದು ಕೈತಪ್ಪಿ ಆದದ್ದಲ್ಲ. 1998ರಲ್ಲಿ ಹೊರಬಂದ ನಿಯಮಾವಳಿಯ ಹತ್ತು ಗುರಿಗಳಲ್ಲಿ ಕೊನೆಯದೇ, ಚಿಕ್ಕದಾಗಿ ಬರೆಯುವುದು ಅಂಥ ಮುಖ್ಯವೇನಲ್ಲ ಎಂಬುದು. ಹಾಕಿಕೊಂಡ ಗುರಿಯನ್ನು ಇಷ್ಟು ನಿಷ್ಠೆಯಿಂದ ಈಡೇರಿಸಿದ ಸಮಿತಿ ಇನ್ನೊಂದಿರಲಿಕ್ಕಿಲ್ಲ.

ಇದನ್ನೇ ಲಿಸ್ಪ್ ಬಳಗದವರು (ಆಮಂತ್ರಣ (ವರ "ರಮೇಶ") (ವಧು "ಸುಮಾ")) ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪಟ್ಟಿಯೊಳಗೆ ಪಟ್ಟಿ, ಅಷ್ಟೇ. ಜಾನ್ ಮೆಕಾರ್ಥಿ 1958ರಲ್ಲಿ ಶುರುಮಾಡಿದ ಆ ಭಾಷೆಯಲ್ಲಿ ಪ್ರೋಗ್ರಾಮ್ ಕೂಡ ಪಟ್ಟಿಯೇ. ಹಾಗಾಗಿ ದಾಖಲೆಯನ್ನು ತಿದ್ದಲು ಹೊಸ ಭಾಷೆ ಕಲಿಯಬೇಕಿಲ್ಲ. ಒಲೆಗ್ ಕಿಸೆಲ್ಯೋವ್ ಎಂಬವರು ಎಕ್ಸ್‌ಎಂಎಲ್ ಅನ್ನು ಹೀಗೆ ಪಟ್ಟಿಗಿಳಿಸಿ ಎಸ್‌ಎಕ್ಸ್‌ಎಂಎಲ್ ಎಂದು ಹೆಸರಿಟ್ಟರು.

ಇಷ್ಟು ಸುಲಭವಾದದ್ದನ್ನು ಜನ ಒಪ್ಪುವುದುಂಟೇ? "ಅಯ್ಯೋ, ಎಷ್ಟೊಂದು ಬ್ರಾಕೆಟ್ಟು!" ಎಂದು ಮೂಗು ಮುರಿದರು. ಯಾರು? ವರನ ಹೆಸರೊಂದಕ್ಕೆ ನಾಲ್ಕು ಚೂಪು ಬ್ರಾಕೆಟ್ಟು, ಮೇಲೊಂದು ಓರೆಗೆರೆ ಎಳೆಯುವ ಮಹನೀಯರು.

ಸುತ್ತಿ ಬಳಸಿ ಮೂಗು ಹಿಡಿದದ್ದು ಇನ್ನೂ ಸೊಗಸು. ದಾಖಲೆಗಳಿಗೆ ರೂಪ ಕೊಡಲು 1996ರಲ್ಲೇ ಡಿಎಸ್‌ಎಸ್‌ಎಸ್‌ಎಲ್ ಎಂಬ ಅಂತಾರಾಷ್ಟ್ರೀಯ ಮಾನಕ ಬಂದಿತ್ತು, ಲಿಸ್ಪ್ ಕುಲದ ಸ್ಕೀಮ್ ಭಾಷೆಯನ್ನು ನೆಚ್ಚಿಕೊಂಡು. ಅದನ್ನು ಮೂಲೆಗೆ ಸರಿಸಿ 1999ರಲ್ಲಿ ಟ್ಯಾಗುಗಳಲ್ಲೇ ಬರೆಯುವ ಎಕ್ಸ್‌ಎಸ್‌ಎಲ್‌ಟಿ ತಂದರು. ಇಲ್ಲಿ "ಹೀಗಿದ್ದರೆ ಹಾಗೆ ಮಾಡು" ಎನ್ನಲೂ ಟ್ಯಾಗ್ ತೆರೆದು ಮುಚ್ಚಬೇಕು. "ಇಲ್ಲದಿದ್ದರೆ ಇನ್ನೊಂದು ಮಾಡು" ಎಂದೂ ಸೇರಿಸಬೇಕೇ? ಆ ಟ್ಯಾಗ್ ಬಿಟ್ಟು ಬೇರೆ ಮೂರು ಟ್ಯಾಗುಗಳ ಕಾಲು ಹಿಡಿಯಿರಿ. ಎರಡೂ ಕಡೆ ದುಡಿದವರಲ್ಲಿ ಜೇಮ್ಸ್ ಕ್ಲಾರ್ಕ್ ಪ್ರಮುಖರು. ಹಾಗಾಗಿ ಗೊತ್ತಿಲ್ಲದೆ ಮಾಡಿದರು ಎನ್ನುವಂತೆಯೂ ಇಲ್ಲ.

ಲಿಸ್ಪ್‌ನವರೇನು ಕಡಿಮೆಯೇ? ವಾಕ್ಯದ ನಡುವೆ ಒಂದು ಪದ ದಪ್ಪಕ್ಷರದಲ್ಲಿ ಬೇಕೆಂದರೆ ವಾಕ್ಯವನ್ನು ತುಂಡರಿಸಿ ಪ್ರತಿ ತುಂಡಿಗೂ ಉದ್ಧರಣ ಚಿಹ್ನೆ ತೊಡಿಸಬೇಕು. ಕೊನೆಗೆ )))))) ಸಾಲುಗಟ್ಟಿ ನಿಂತಾಗ ಯಾವುದು ಯಾರದ್ದೆಂದು ಎಡಿಟರನ್ನೇ ಕೇಳಬೇಕು. ಕಾದಂಬರಿ ಬರೆಯುವವರಿಗಂತೂ ಇದು ಶಿಕ್ಷೆಯೇ. ಆದರೂ ಈ ಬಳಗದ ಗತ್ತು ಇಳಿಯುವುದಿಲ್ಲ. ಯಾರೇ ಏನೇ ಕಂಡುಹಿಡಿಯಲಿ, "ನಮ್ಮಲ್ಲಿ ಯಾವತ್ತೋ ಇತ್ತು" ಎಂಬ ಅದೇ ರಾಗ.

ಆ ರಾಗಕ್ಕೆ ತಾಳವೆಂಬಂತೆ 2013ರಲ್ಲಿ ಫೇಸ್‌ಬುಕ್, ವೆಬ್‌ಪುಟ ಕಟ್ಟುವ ರಿಯಾಕ್ಟ್ ಜೊತೆ ಜೆಎಸ್‌ಎಕ್ಸ್ ತಂದಿತು. ಪ್ರೋಗ್ರಾಮಿನೊಳಗೇ ಟ್ಯಾಗ್ ಬರೆಯಬಹುದೆಂದು ಜನ ಹಿಗ್ಗಿದರು. ಬ್ರೌಸರ್ ಮುಟ್ಟುವಷ್ಟರಲ್ಲಿ ಆ ಟ್ಯಾಗುಗಳೆಲ್ಲ ಒಂದರೊಳಗೊಂದು ಫಂಕ್ಷನ್ ಕರೆಗಳಾಗಿ ಬದಲಾಗಿರುತ್ತವೆ, ಗುಂಡು ಬ್ರಾಕೆಟ್ಟುಗಳ ಸಮೇತ.