ಡ್ರೈವ್‌ವೇಯಲ್ಲಿ ಕೊಟ್ಟೂರು ತೇರು

ನಮ್ಮ ಮನೆಯಲ್ಲಿ ಸದ್ಯಕ್ಕೆ ಕಾರಿನ ಸುದ್ದಿ ಎತ್ತುವ ಹಾಗಿಲ್ಲ. ಎತ್ತಿದರೆ ಮಾವ ತಟ್ಟೆ ಸರಿಸಿ ಏಳುತ್ತಾರೆ, ಗಂಡ ಲ್ಯಾಪ್‌ಟಾಪ್ ತೆರೆಯುತ್ತಾನೆ, ಮಗಳು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ನಗುತ್ತಾಳೆ. ನಾನು ಸೊಸೆ. ನಗುವುದಕ್ಕೂ ಸಿಟ್ಟಾಗುವುದಕ್ಕೂ ನನಗೆ ಅಡುಗೆಮನೆಯೇ ಗತಿ. ಎಕ್ಸಾಸ್ಟ್ ಫ್ಯಾನ್ ಜೋರು ಮಾಡಿಕೊಂಡು ಎರಡನ್ನೂ ಮಾಡುತ್ತಿದ್ದೇನೆ.

ಮಿನಿಯಾಪೊಲಿಸ್‌ನ ಫೆಬ್ರುವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಕಾರು ಎಂದಿನಂತೆ ಹೊರಗೇ ನಿಂತಿತ್ತು. ಗರಾಜಿನಲ್ಲಿ ಅದಕ್ಕೆ ಜಾಗವೆಲ್ಲಿ? ಅಲ್ಲಿ ಸೋನಾಮಸೂರಿ ಮೂಟೆ, ಯಾರೂ ಓಡದ ಟ್ರೆಡ್‌ಮಿಲ್ಲು, ಮಾವ ತಂದ ಸೂಟ್‌ಕೇಸು, ಮಾವ ಒಯ್ಯಬೇಕಾದ ಸೂಟ್‌ಕೇಸು. ಮಗಳು ಅವತ್ತು ಸ್ಕೂಲ್ ಬಸ್ ತಪ್ಪಿಸಿಕೊಂಡಿದ್ದಳು. ಗಂಡ ಕಾರಿನೊಳಗೆ ಕೂತು ಗುಂಡಿ ಒತ್ತಿದ. ದೀಪಗಳೆಲ್ಲ ಒಮ್ಮೆ ಮಿಣಕ್ಕೆಂದವು, ಒಳಗೆಲ್ಲೋ ಟಕಟಕ ಸದ್ದಾಯಿತು, ಆಮೇಲೆ ಅದೂ ಇಲ್ಲ.

ಗಂಡನ ಉದ್ಯೋಗವೇ ಕೆಟ್ಟದ್ದನ್ನು ಎಬ್ಬಿಸುವುದು. ಯಾವ ಕಂಪನಿಯ ಸರ್ವರ್ ಮಲಗಿದರೂ ಅರ್ಧರಾತ್ರಿಯಲ್ಲಿ ಎದ್ದು ಕೂತಲ್ಲಿಂದಲೇ ಏಳಿಸುತ್ತಾನೆ. ಅಂಥವನು ಬಾನೆಟ್ ತೆಗೆಯುವ ಲೀವರ್ ಹುಡುಕಲು ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದ. ಅದನ್ನು ಮುಚ್ಚಿ ಬಂದು ಮತ್ತೆ ಅದನ್ನೇ ತೆಗೆದ. ಅಷ್ಟರಲ್ಲಿ ಮಾವ ಮಂಕಿ ಟೋಪಿ ಹಾಕಿ, ಕುರಿ ಕಂಬಳಿ ಹೊದ್ದು ಹೊರಗೆ ಬಂದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ, "ಊರಿಗೆ ಫೋನ್ ಹಚ್ಚು" ಎಂದರು. ಕಾರಿನೊಳಗೆ ಮಾತ್ರ ಇಣುಕಿ ನೋಡಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ.

ಊರು ಎಂದರೆ ಒಂದೂರಲ್ಲ. ಮಾವನದು ಕೊಟ್ಟೂರು, ಅವರ ತಮ್ಮ ಕೂಡ್ಲಿಗಿಯಲ್ಲಿ, ತಂಗಿಯನ್ನು ಕೊಟ್ಟಿದ್ದು ಹಡಗಲಿಗೆ, ತಮ್ಮನ ಅಳಿಯ ಹಗರಿಬೊಮ್ಮನಹಳ್ಳಿಯವನು, ನನ್ನ ತವರು ಹರಪನಹಳ್ಳಿ. ನಮ್ಮ ಹರಪನಹಳ್ಳಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1997ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ವಾಪಸ್ ಬಳ್ಳಾರಿ, 2021ರಲ್ಲಿ ವಿಜಯನಗರ. ನಮ್ಮಪ್ಪ ಕೂತ ಕಟ್ಟೆ ಬಿಟ್ಟು ಏಳದೆ ಇಷ್ಟು ಜಿಲ್ಲೆ ಸುತ್ತಿದ್ದಾರೆ. "ನಿಮ್ಮ ಊರಿಗೇ ಒಂದು ನೆಲೆ ಇಲ್ಲ, ಇನ್ನು ನೀ ಏನ್ ಹೇಳ್ತಿಯವ್ವಾ" ಎಂದು ಮಾವ ಆಗಾಗ ಕಿಚಾಯಿಸುತ್ತಾರೆ. ಈಗ ಐದೂ ತಾಲ್ಲೂಕು ಒಂದೇ ಜಿಲ್ಲೆಯಲ್ಲಿವೆ, ಒಂದೇ ವಾಟ್ಸಾಪ್ ಗುಂಪಿನಲ್ಲೂ ಇವೆ. ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ಮಾತ್ರ ನಾನು ನೋಡಿಲ್ಲ.

ಅಲ್ಲಿ ರಾತ್ರಿ ಏಳೂವರೆ. ಆ ಸಂಜೆಯಷ್ಟೇ ಕೊಟ್ಟೂರೇಶ್ವರನ ತೇರು ಮುಗಿದಿತ್ತು. ಎಲ್ಲರೂ ಜಾತ್ರೆಯ ಹುರುಪಿನಲ್ಲೇ ಇದ್ದರು. ವಿಡಿಯೊ ಕರೆಯಲ್ಲಿ ಮೊದಲು ಮೂಡಿದ್ದು ಕೂಡ್ಲಿಗಿ ಚಿಗಪ್ಪನ ಮೂಗು. "ಕೊಟ್ರೇಶಾ, ಸ್ವಲ್ಪ ಸುಮ್ಕಿರಲೇ" ಎಂದು ಅವರು ಹಿಂದಕ್ಕೆ ಗದರಿದರು. ಪರದೆಯ ಬೇರೆ ಬೇರೆ ಚೌಕಗಳಲ್ಲಿ ಬೇರೆ ಬೇರೆ ಕೊಟ್ರೇಶಂದಿರು ಒಟ್ಟಿಗೇ ಬಾಯಿ ಮುಚ್ಚಿದರು. ನಮ್ಮ ಕಡೆ ಆ ಹೆಸರಿನ ಮಹಿಮೆ ಅಂಥದ್ದು.

ಚಿಗಪ್ಪ ಒಂದು ಕಾಲಕ್ಕೆ ಟ್ರ್ಯಾಕ್ಟರ್ ಇಟ್ಟವರು. ಅವರ ಪ್ರಕಾರ ಲೋಕದ ಎಲ್ಲ ಗಾಡಿಗಳಿಗೂ ಬರುವ ರೋಗ ಒಂದೇ, ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿಯುವುದು. ಇದು ಪೆಟ್ರೋಲ್ ಗಾಡಿ ಎಂದ ಮೇಲೆ ಎರಡನೇ ಮದ್ದು ತೆಗೆದರು.

"ಎರಡನೇ ಗೇರಿಗೆ ಹಾಕು. ಕ್ಲಚ್ ಒತ್ತಿ ಹಿಡಿ. ಹಿಂದಿಂದ ತಳ್ಳಲಿ. ಓಡಾಕ ಹತ್ತಿದ ಕೂಡ್ಲೆ ಟಪ್ ಅಂತ ಕ್ಲಚ್ ಬಿಡು."

"ಕ್ಲಚ್ ಇಲ್ಲ ಚಿಗಪ್ಪ" ಎಂದ ನನ್ನ ಗಂಡ.

ಆ ಕಡೆ ಮೌನ. "ಕ್ಲಚ್ ಇಲ್ದ ಗಾಡಿ ಎದಕ್ಕ ತಗೊಂಡ್ಯಪ್ಪಾ? ಯಾರೋ ಮೋಸ ಮಾಡ್ಯಾರ ನಿನಗ."

ಬೊಮ್ಮನಹಳ್ಳಿ ಅಳಿಯ ಒಬ್ಬನೇ ಕೇಳಬೇಕಾದದ್ದನ್ನು ಕೇಳಿದ: "ಅಣ್ಣಾ, ಗುಂಡಿ ಒತ್ತಿದಾಗ ಟಕಟಕ ಅಂತೇನು? ಹಾರ್ನ್ ಜೋರು ಬರ್ತೈತೇನು? ಬ್ಯಾಟರಿ ಹಾಕಿಸಿ ಎಷ್ಟು ವರ್ಷಾತು? ರಾತ್ರಿ ಏನಾರ ಹಚ್ಚಿಟ್ಟಿದ್ರೇನು?" ಅವನು ಬ್ಯಾಟರಿ ಅಂಗಡಿ ಇಟ್ಟವನು. ಆದರೆ ವಯಸ್ಸಿನಲ್ಲಿ ಕಿರಿಯ, ಮೇಲಾಗಿ ಅಳಿಯ. ಅಳಿಯನಿಗೆ ಊಟಕ್ಕೆ ಮೊದಲ ಮಣೆ ಸಿಗುತ್ತದೆ, ಮಾತಿಗೆ ಕೊನೆಯದು. ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಮಾವ ಜೋರಾಗಿ ಕೆಮ್ಮಿ, "ಇರಲಿ ಬಿಡಪಾ, ಹಿರೇರು ಮಾತಾಡಾಕತ್ಯಾರ" ಎಂದು ಅವನನ್ನು ಮುಗಿಸಿದರು.

ನಮ್ಮಮ್ಮ ಹರಪನಹಳ್ಳಿಯಿಂದ, ದೃಷ್ಟಿಯಾಗಿದೆ, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿ ಎಂದಳು. ಹತ್ತಿಸುವುದಕ್ಕಾದರೂ ಕಾರು ಚಾಲೂ ಆಗಬೇಕಲ್ಲಮ್ಮ ಎಂದರೆ, "ನಿಮಗೆಲ್ಲಾದಕ್ಕೂ ಲಾ ಪಾಯಿಂಟು" ಎಂದು ಮುನಿಸಿಕೊಂಡಳು. ಹಡಗಲಿ ಸೋದರತ್ತೆ ಅಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ. ಅವರ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದು ಜನರನ್ನು ಸುಮ್ಮನಿರಿಸಿ, ಒಂದೇ ಮಾತಿನಲ್ಲಿ ವರ್ಷದ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನಲ್ಲ, ಸೋದರತ್ತೆಯ ಮಾತೂ ಅದೇ ಧಾಟಿಯದು. ಕಣ್ಣು ಮುಚ್ಚಿ, "ಒಳಗಿಂದು ಹೊರಗ ಹೋಗೇತಿ" ಎಂದವರೇ ಕರೆ ಕಟ್ ಮಾಡಿದರು. ಎಣ್ಣೆ ಸೋರಿದೆ ಎಂದು ಚಿಗಪ್ಪ ಅರ್ಥ ಹೇಳಿದರು. ಸರ್ಕಾರ ಬದಲಾಗುತ್ತದೆ ಎಂದು ಒಬ್ಬ ಕೊಟ್ರೇಶ ಹೇಳಿದ.

ಕಡೆಗೆ ತೀರ್ಮಾನವಾದದ್ದು ತಳ್ಳುವುದು ಎಂದೇ.

ಆಟೊಮ್ಯಾಟಿಕ್ ಗಾಡಿಯನ್ನು ತಳ್ಳಿ ಚಾಲೂ ಮಾಡಲಾಗುವುದಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಕ್ಲಚ್ಚಲ್ಲ, ಎಣ್ಣೆಯಲ್ಲಿ ತಿರುಗುವ ಕನ್ವರ್ಟರು. ಆ ಎಣ್ಣೆಗೆ ಒತ್ತಡ ಕೊಡುವ ಪಂಪು ತಿರುಗಬೇಕಾದರೆ ಎಂಜಿನ್ನೇ ತಿರುಗುತ್ತಿರಬೇಕು. ಹಿಂದಿನಿಂದ ಐರಾವತವೇ ತಳ್ಳಿದರೂ ಚಕ್ರ ಉರುಳೀತು, ಎಂಜಿನ್ನಿಗೆ ಸುದ್ದಿ ಮುಟ್ಟದು. ನಮ್ಮದು ಅದಕ್ಕಿಂತ ಒಂದು ಕೈ ಮೇಲೆ, ಚಕ್ರವೂ ಉರುಳುವ ಹಾಗಿರಲಿಲ್ಲ. ಕಾರು ಪಾರ್ಕ್ ಗೇರಿನಲ್ಲಿತ್ತು. ಕರೆಂಟು ಸತ್ತರೆ ಗೇರ್ ಲೀವರು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ, ಒಳಗೆ ಒಂದು ಕಬ್ಬಿಣದ ಹಲ್ಲು ಗೇರ್‌ಬಾಕ್ಸನ್ನು ಕಚ್ಚಿ ಹಿಡಿದಿರುತ್ತದೆ. ಗಂಡ ಲೀವರನ್ನು ಎರಡೂ ಕೈಯಿಂದ ಎಳೆದು ನೋಡಿದ. "ತಳ್ಳಿದರ ತಾನ ಬರ್ತೈತಿ" ಎಂದರು ಮಾವ.

ಸ್ಟೀರಿಂಗಿಗೆ ಮಗಳನ್ನು ಕೂರಿಸಿದರು. ಮಾವ ಕಂಬಳಿಯನ್ನು ಸೊಂಟಕ್ಕೆ ಬಿಗಿದು ಡಿಕ್ಕಿಗೆ ಎದೆ ಕೊಟ್ಟರು, ಪಕ್ಕದಲ್ಲಿ ಗಂಡ. ಫೋನ್ ಎತ್ತಿ ಹಿಡಿದು ಐದು ತಾಲ್ಲೂಕಿಗೆ ತೋರಿಸುವ ಕೆಲಸ ನನ್ನದು. ಅಷ್ಟರಲ್ಲಿ ಪಕ್ಕದ ಮನೆಯಾತ ನಾಯಿ ಅಡ್ಡಾಡಿಸುತ್ತ ಬಂದ. ಈ ಊರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಕಾರು ಕಂಡರೆ ದಾರಿಹೋಕರೂ ಹೆಗಲು ಕೊಡುತ್ತಾರೆ. ಆತ ಒಂದು ಮಾತೂ ಕೇಳದೆ ನಾಯಿಯ ಹಗ್ಗವನ್ನು ಅಂಚೆ ಡಬ್ಬಿಗೆ ಕಟ್ಟಿ ಬಂದು ನಿಂತ. ಮಾವನ ಮುಖ ಅರಳಿತು. ಕೊಟ್ಟೂರಿನಲ್ಲಿ ಹುಡುಗನಾಗಿದ್ದಾಗಿನಿಂದ ತೇರಿನ ಹಗ್ಗ ಹಿಡಿದವರು ಅವರು. ಈ ವರ್ಷ ಹಿಡಿಯಲಾಗಲಿಲ್ಲ.

"ಹರಹರ ಮಹಾದೇವ!" ಎಂದು ಕೂಗಿದರು. ಫೋನಿನೊಳಗಿಂದ ಐದು ತಾಲ್ಲೂಕು ಒಕ್ಕೊರಲಿನಿಂದ ಓಗೊಟ್ಟಿತು. ಮತ್ತೆ ಕರೆಗೆ ಸೇರಿಕೊಂಡಿದ್ದ ಸೋದರತ್ತೆ "ಏಳುಕೋಟಿಗೋ" ಎಂದರು. ನಾಯಿ ಊಳಿಟ್ಟಿತು. ಕಾರು ಅಲ್ಲಾಡಲಿಲ್ಲ. ಮೂವರ ಬೂಟುಗಳೂ ಹಿಮದ ಮೇಲೆ ಹಿಂದಕ್ಕೆ ಜಾರಿ, ಕಾರು ನಿಂತಲ್ಲೇ ನಿಂತು ಗಂಡಸರೇ ರಸ್ತೆಯ ಕಡೆ ಹೊರಟರು. "ಚೂರು ಸರೀತು, ಸರೀತು!" ಎಂದು ಚಿಗಪ್ಪ ಕೂಡ್ಲಿಗಿಯಿಂದ ಹುರಿದುಂಬಿಸಿದರು. ಸರಿದದ್ದು ನನ್ನ ಕೈಯಲ್ಲಿನ ಫೋನು. "ಅಪ್ಪಾ, ಇಟ್ಸ್ ಇನ್ ಪಾರ್ಕ್!" ಎಂದು ಮಗಳು ಕಿಟಕಿ ಬಡಿಯುತ್ತಿದ್ದಳು. ಅವಳು ಡ್ಯಾಶ್‌ಬೋರ್ಡಿನಿಂದ ಕಾರಿನ ಪುಸ್ತಕ ತೆಗೆದು ಓದುತ್ತಿದ್ದಳು. ನಮ್ಮ ವಂಶದಲ್ಲಿ ಯಂತ್ರದ ಜೊತೆ ಬಂದ ಪುಸ್ತಕವನ್ನು ಯಾರಾದರೂ ಬಿಚ್ಚಿದ್ದು ಅದೇ ಮೊದಲು. "ಕೂಸು ಸುತಾ ಜೈ ಅನ್ನಾಕತ್ತೇತಿ" ಎಂದು ಮಾವ ಇನ್ನೂ ಜೋರಾಗಿ ಕೂಗಿದರು. ತಳ್ಳಿದರು. ನಿಂತರು. ಚಕ್ರಕ್ಕೆ ಯಾರಾದರೂ ಮರದ ತುಂಡು ಅಡ್ಡ ಕೊಟ್ಟಿದ್ದಾರಾ ಎಂದು ಬಗ್ಗಿ ನೋಡಿದರು. ಮತ್ತೆ ತಳ್ಳಿದರು. ಎದುರುಮನೆಯ ಅಜ್ಜಿ ಪರದೆ ಸರಿಸಿ ಕಾಫಿ ಕಪ್ಪು ಹಿಡಿದು ಕೂತಳು.

ಈ ಗದ್ದಲದಲ್ಲಿ ಹೊಸ ಚೌಕವೊಂದು ತೆರೆದುಕೊಂಡಿತು. ಕೊಟ್ಟೂರಿನಿಂದ ಅತ್ತೆ. ತೇರು ಬಿಟ್ಟು ಅಮೆರಿಕಾಕ್ಕೆ ಬರುವುದಿಲ್ಲ ಎಂದು ಮಾವನನ್ನು ಒಬ್ಬರನ್ನೇ ವಿಮಾನ ಹತ್ತಿಸಿದ್ದ ಅತ್ತೆ. ಹಣೆಗೆ ವಿಭೂತಿ, ಕೈಯಲ್ಲಿ ಮಿರ್ಚಿ.

"ಅಲ್ರೀ, ಅದೇನ್ರೀ ತಳ್ಳಾಕತ್ತೀರಿ? ಸಂಜಿಮುಂದ ತೇರು ನೋಡುವಾಗ ಕಾರು ಛಲೋ ಇತ್ತಲ್ಲ! ಪದಾ ಸುತಾ ಕೇಳಸ್ತಿತ್ತು. ಮುಖ ಕಾಣವಲ್ದು ಅಂತ ಲೈಟ್ ನಾನ ಹಚ್ಚಿಸಿದ್ನಲ್ರೀ!"

ಐದು ತಾಲ್ಲೂಕಿನಲ್ಲಿ ಸದ್ದಡಗಿತು.

ಅಲ್ಲಿಯ ಸಂಜೆ ಎಂದರೆ ಇಲ್ಲಿಯ ಬೆಳಗಿನ ಜಾವ. ಒಳಗೆ ಕೂತು ಫೋನಿನಲ್ಲಿ ಮಾತಾಡಿದರೆ ಮನೆ ಅದುರುತ್ತದೆ, ಮೆಲ್ಲಗೆ ಮಾತಾಡಿ ಅಪ್ಪ ಎಂದು ಮಗ ಹೇಳಿದ್ದ. ಮಾವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಅದರಲ್ಲೂ ಅತ್ತೆಯ ಜೊತೆ. ಹಾಗಾಗಿ ಕತ್ತಲಲ್ಲೇ ಕಂಬಳಿ ಹೊದ್ದು ಕಾರಿಗೆ ಹೋಗಿದ್ದಾರೆ. ಎಂಜಿನ್ ಹಚ್ಚಿದರೆ ಸದ್ದಾದೀತು ಎಂದು ಬ್ರೇಕ್ ತುಳಿಯದೆ ಬರೀ ಗುಂಡಿ ಒತ್ತಿ, ಕಾರಿನ ಸ್ಪೀಕರಿನಲ್ಲಿ ನಂದಿಕೋಲು, ಸಮಾಳದ ಸದ್ದನ್ನು ತುಂಬಿಕೊಂಡು ಕೂತಿದ್ದಾರೆ. ಕಾರು ತಾನಾಗಿ ಆರಿದಾಗಲೆಲ್ಲ ಮತ್ತೆ ಒತ್ತಿದ್ದಾರೆ. 2017ರ ಫೆಬ್ರುವರಿಯಲ್ಲಿ ಆ ತೇರು ಮಗುಚಿ ಬಿದ್ದಿತ್ತು. ಅಂದಿನಿಂದ ಅದು ಸುತ್ತು ಮುಗಿಸಿ ನೆಲೆಗೆ ಬಂದು ನಿಲ್ಲುವ ತನಕ ಮಾವ ಕಣ್ಣು ಕೀಳುವುದಿಲ್ಲ. ಅತ್ತೆ ಜನಸಂದಣಿಯಲ್ಲಿ ಕೈ ಸೋಲುವ ತನಕ ಫೋನ್ ಎತ್ತಿ ಹಿಡಿದಿದ್ದಾರೆ, ಈ ಕಡೆ ಮಾವನ ಮುಖ ಕಾಣಲೆಂದು ಒಳಗಿನ ದೀಪ ಹಚ್ಚಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಮಂಡಕ್ಕಿ ಚೆಲ್ಲಿತ್ತು. ಮಾವ ಕೂತದ್ದು ಮುಂದೆ. ಮಗಳ ಕಡೆ ನೋಡಿದೆ, ಅವಳು ಪುಸ್ತಕದಲ್ಲಿ ಮುಖ ಹುದುಗಿಸಿದಳು. ಬಸ್ ತಪ್ಪಿದ್ದು ಯಾಕೆಂದು ಆಗ ಗೊತ್ತಾಯಿತು.

"ಅದಾ ಕೇಳಿದ್ನಲ್ರೀ ನಾ ಮೊದ್ಲ" ಎಂದು ಬೊಮ್ಮನಹಳ್ಳಿ ಸಣ್ಣ ದನಿಯಲ್ಲಿ ಹೇಳಿತು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿಳಿದರೆ ಬ್ಯಾಟರಿಯ ಎಂಜಿನ್ ತಿರುಗಿಸುವ ಕಸುವು ಹತ್ತಿರ ಹತ್ತಿರ ಅರ್ಧ ಕುಗ್ಗುತ್ತದೆ. ಅಂಥ ಚಳಿಯಲ್ಲಿ ಹಳೆಯ ಬ್ಯಾಟರಿ ಮೇಲೆ ಮಾವ ಇಡೀ ಜಾತ್ರೆ ನಡೆಸಿದ್ದರು. ಪಕ್ಕದ ಮನೆಯಾತ ಮನೆಗೆ ಹೋಗಿ ತನ್ನ ಕಾರನ್ನೂ ಕೇಬಲನ್ನೂ ತಂದ. ಅಳಿಯ ದಾರಿ ಹೇಳಿಕೊಟ್ಟ: ಕೆಂಪು ನಮ್ಮ ಪ್ಲಸ್ಸಿಗೆ, ಕೆಂಪಿನ ಇನ್ನೊಂದು ತುದಿ ಅವರ ಪ್ಲಸ್ಸಿಗೆ, ಕಪ್ಪು ಅವರ ಮೈನಸ್ಸಿಗೆ. "ಕೊನೀದು ನಮ್ಮ ಬ್ಯಾಟರಿಗೆ ಹಚ್ಚಬ್ಯಾಡ್ರಣ್ಣಾ, ಎಂಜಿನ್ನಿನ ಬರೀ ಕಬ್ಬಿಣಕ್ಕ ಹಚ್ಚ್ರಿ. ಕಿಡಿ ಹಾರಿದ್ರ ಬ್ಯಾಟರಿ ಗ್ಯಾಸ್ ಹೊತ್ಕೊಂತೈತಿ." ತುಸು ಹೊತ್ತು ಬಿಟ್ಟು ಗುಂಡಿ ಒತ್ತಿದರೆ ಕಾರು ಗುರ್ ಎಂದು ಎದ್ದಿತು.

ಹೊಸ ಬ್ಯಾಟರಿ ತರಲು ಹೋದಾಗ ಮಾವನೂ ಬಂದರು. ಇಲ್ಲಿ ಹಳೆಯದನ್ನು ಕೊಡುವ ತನಕ ಒಂದಷ್ಟು ಡಾಲರ್ ಹೆಚ್ಚಿಗೆ ಹಿಡಿದು, ಕೊಟ್ಟ ಮೇಲೆ ಮರಳಿಸುತ್ತಾರೆ. "ಸೀಸ ಕೆಜಿ ಲೆಕ್ಕಕ್ಕ ಹೋಗ್ತೈತಿ, ತೂಕ ಮಾಡ್ಸು" ಎಂದು ಮಾವ ಕೌಂಟರಿನ ಮುಂದೆ ಪಟ್ಟು ಹಿಡಿದರು. ಗಂಡ ಕೌಂಟರಿನವನ ಹತ್ತಿರ, ತಂದೆ ಹವೆಯ ಬಗ್ಗೆ ಹೇಳುತ್ತಿದ್ದಾರೆ ಎಂದ.

ಗುಂಪಿನಲ್ಲಿ ಮಾವ ಹಾಕಿದ ವರದಿ ಹೀಗಿದೆ: "ತಳ್ಳಿದ ಮ್ಯಾಲೆ ಚಾಲೂ ಆತು." ಸುಳ್ಳಲ್ಲ. ತಳ್ಳಿದ್ದು ಮೊದಲು, ಚಾಲೂ ಆದದ್ದು ಆಮೇಲೆ. ಕೂಡ್ಲಿಗಿ ಚಿಗಪ್ಪ ಅದಕ್ಕೆ ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದ್ದಾರೆ. ಅಳಿಯನಿಗೆ ಒಂದು ಶಹಬ್ಬಾಸ್ ಕೂಡ ಸಿಗಲಿಲ್ಲ. ನಾನೇ ಗುಟ್ಟಾಗಿ ಕಳಿಸಿದೆ.

ಚಿಗಪ್ಪನ ಕೀರ್ತಿ ಈಗ ಮಿನಿಯಾಪೊಲಿಸ್ ದಾಟಿದೆ. ಡಲ್ಲಾಸ್‌ನಲ್ಲಿರುವ ಅವರ ಬೀಗರ ಮಗನ ಕಾರೂ ನಿಂತಿತಂತೆ, ನಿನ್ನೆ ರಾತ್ರಿ ಇವರಿಗೆ ಫೋನ್ ಮಾಡಿಸಿದ್ದಾರೆ. ಅವನದು ಎಲೆಕ್ಟ್ರಿಕ್ ಕಾರು. ಬೆಳಗಿನಿಂದ ಮನೆಮಂದಿಯೆಲ್ಲ ಸೇರಿ ಎರಡನೇ ಗೇರ್ ಹುಡುಕುತ್ತಿದ್ದಾರೆ.