ಕಾಡು ಸುಟ್ಟರೆ ಸುದ್ದಿ, ತರಗು ಸುಟ್ಟರೆ ಸಂಜೆ

(ಪಾಂಡವಪುರದ ಕಬ್ಬಿನ ಗದ್ದೆಯೊಂದರಿಂದ ಎದ್ದು ಶ್ರೀರಂಗಪಟ್ಟಣದತ್ತ ಹೊರಟಿದ್ದ ಹೊಗೆಯ ಕಣದೊಂದಿಗೆ ಕಾಲ್ಪನಿಕ ಸಂದರ್ಶನ)

ಪ್ರಶ್ನೆ: ತಮ್ಮ ಊರು, ಕುಲಗೋತ್ರ?

ಕಣ: ಊರು ಕೇಳಬೇಡಿ. ಬೆಳಿಗ್ಗೆ ಕೆ.ಆರ್. ಪೇಟೆ, ಮಧ್ಯಾಹ್ನ ನಾಗಮಂಗಲ; ಗಾಳಿಗೆ ತಾಲ್ಲೂಕು ಕಚೇರಿ ಇಲ್ಲ. ಗೋತ್ರಕ್ಕೆ ಮಾತ್ರ ಪುರಾವೆ ಉಂಟು. ಗಿಡಮರದ ಸೆಲ್ಯುಲೋಸ್ ಉರಿದಾಗ ಲೆವೊಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ವಸ್ತು ಹುಟ್ಟುತ್ತದೆ. ಡೀಸೆಲ್ ಉರಿದರೆ ಹುಟ್ಟುವುದಿಲ್ಲ. ವಿಜ್ಞಾನಿಗಳು ನಮ್ಮನ್ನು ಫಿಲ್ಟರ್ ಹಾಳೆಯಲ್ಲಿ ಹಿಡಿದು, ಅದನ್ನು ಪತ್ತೆಹಚ್ಚಿ ‘ಇದು ಸೊಪ್ಪುಸದೆಯ ವಂಶ’ ಎಂದು ಪ್ರಮಾಣಪತ್ರ ಕೊಡುತ್ತಾರೆ. ಆದರೆ ಸುಟ್ಟದ್ದು ಮೇಲುಕೋಟೆ ಬೆಟ್ಟದ ಹುಲ್ಲೋ, ಬಂಡೀಪುರದ ಲಂಟಾನವೋ, ಗದ್ದೆಯ ಕಬ್ಬಿನ ತರಗೋ ಎಂದು ಆ ಒಂದೇ ಗುರುತು ಹೇಳಲಾರದು. ಶ್ವಾಸಕೋಶವಂತೂ ಕೇಳುವುದೇ ಇಲ್ಲ. ನನ್ನ ವಾದವೂ ಇಷ್ಟೇ: ಹೊಗೆಯ ಕೇಡನ್ನು ಬೆಂಕಿಯ ಗಾತ್ರದಿಂದ ಅಳೆಯಬೇಡಿ.

ಪ್ರಶ್ನೆ: 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿತು. ಗದ್ದೆ ಬೆಂಕಿಯನ್ನು ಅದರ ಪಕ್ಕ ಕೂರಿಸುವುದು ಉದ್ಧಟತನವಲ್ಲವೇ?

ಕಣ: ದೊಡ್ಡವರಿಗೆ ಮರ್ಯಾದೆ ಇರಲಿ. 2019–20ರ ಆಸ್ಟ್ರೇಲಿಯಾದ ಕಾಳ್ಗಿಚ್ಚಿನ ಹೊಗೆ ಸುಮಾರು 35 ಕಿಲೋಮೀಟರ್ ಎತ್ತರಕ್ಕೆ ಏರಿತ್ತು. ಓಜೋನ್ ಪದರವನ್ನೂ ಅದು ಕೆಡಿಸಿತೆಂದು ಸಂಶೋಧಕರು ತೋರಿಸಿದ್ದಾರೆ. ಆದರೆ ದೊಡ್ಡ ಬೆಂಕಿ ಕಣ್ಣಿಗೆ ಬೀಳುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಬೆಂಕಿ ಎಣಿಸುವ ವಿಐಐಆರ್‌ಎಸ್ ಉಪಕರಣ ಹೊತ್ತ ಉಪಗ್ರಹ ನಿಮ್ಮ ತಲೆಯ ಮೇಲೆ ಹಾಯುವುದು ಹಗಲು, ರಾತ್ರಿ ಸುಮಾರು ಒಂದೂವರೆಗೆ. ಅದರ ಒಂದೊಂದು ಚುಕ್ಕಿ 375 ಮೀಟರಿನ ಚೌಕ. ನಿಮ್ಮ ರೈತ ಗಾಳಿ ತಗ್ಗಿದ ಮೇಲೆ, ಮುಸ್ಸಂಜೆಗೆ ಕಡ್ಡಿ ಗೀರುತ್ತಾನೆ. ಅರ್ಧ ಎಕರೆಯ ತರಗು ಊಟದ ಹೊತ್ತಿಗೆ ಬೂದಿ. ಉಪಗ್ರಹದ ಹಾಜರಿ ಪುಸ್ತಕದಲ್ಲಿ ಆ ದಿನ ‘ಬೆಂಕಿ ಇಲ್ಲ’. ಕಾಡಿನ ಬೆಂಕಿ ಊರಿನಿಂದ ದೂರ. ತರಗಿನ ಬೆಂಕಿ ಹಿತ್ತಿಲ ಪಕ್ಕ. ಒಣಹಾಕಿದ ಬಿಳಿ ಪಂಚೆಯ ಮೇಲೆ ಬೀಳುವ ಕರಿ ಎಳೆಗಳು ನನ್ನ ಡೊಳ್ಳುಹೊಟ್ಟೆಯ ಅಣ್ಣಂದಿರು, ಒಗೆದರೆ ಹೋಗುತ್ತಾರೆ. ನನ್ನಂಥವರು ಮುನ್ನೂರು ಮಂದಿ ಸಾಲಾಗಿ ನಿಂತರೆ ಒಂದು ತಲೆಗೂದಲಿನ ದಪ್ಪ. ನಾನು ಇಳಿಯುವುದು ಪಂಚೆಗಲ್ಲ, ಎದೆಗೂಡಿನ ತಳಕ್ಕೆ.

ಪ್ರಶ್ನೆ: ಒಂದು ಮಳೆ ಬಿದ್ದರೆ ತೊಳೆದು ಹೋಗುತ್ತೀರಲ್ಲ!

ಕಣ: ನಿಜ, ನನ್ನ ಆಯಸ್ಸು ಸುಮಾರು ಒಂದು ವಾರ. ಆದರೆ ಬೆಟ್ಟಕ್ಕೆ ಬೆಂಕಿ ಬೀಳುವುದು ಮಳೆ ಇಲ್ಲದ ತಿಂಗಳಲ್ಲೇ. ಅಲ್ಪಾಯುಷಿ ಅಂತ ಹಗುರ ಮಾಡಬೇಡಿ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ‘ಇಂಡೋಎಕ್ಸ್’ ಅಧ್ಯಯನ ನಡೆಯಿತು. ಅದರ ಆಧಾರದಲ್ಲಿ ವಿಜ್ಞಾನಿಗಳಾದ ಎಸ್.ಕೆ. ಸತೀಶ್ ಮತ್ತು ವಿ. ರಾಮನಾಥನ್ 2000ದಲ್ಲಿ ತೋರಿಸಿದ್ದೇನು? ಅಲ್ಲಿನ ತೇಲುಕಣಗಳು ನೆಲಮಟ್ಟದಲ್ಲಿ ಬಿಸಿಲನ್ನು ಕಡಿಮೆ ಮಾಡುವ ಪ್ರಮಾಣ, ವಾತಾವರಣದ ತುದಿಯಲ್ಲಿ ಕಾಣುವ ನಷ್ಟಕ್ಕಿಂತ ಬಹಳ ಹೆಚ್ಚು. ನಡುವೆ ಕಾಣೆಯಾದ ಬಿಸಿಲನ್ನು ನುಂಗುವುದು ಮಸಿಯ ಕಣಗಳು. ಒಬ್ಬೊಬ್ಬರೂ ವಾರಕ್ಕೇ ಸಾಯುತ್ತೇವೆ. ಮರುದಿನವೇ ಇನ್ನೊಂದು ಗದ್ದೆ ಹೊತ್ತುತ್ತದೆ.

ಪ್ರಶ್ನೆ: ಬೂದಿ ಗೊಬ್ಬರ ತಾನೆ? ತರಗು ಬಿಡಿಸಲು ಕೂಲಿಯಾಳೂ ಸಿಗುವುದಿಲ್ಲ.

ಕಣ: ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಒಪ್ಪಿದೆ. ಸಾರಜನಕ, ಇಂಗಾಲ ಬಹುಪಾಲು ನನ್ನ ಜೊತೆಗೇ ಹಾರುತ್ತವೆ. ಆ ಸಾರಜನಕವನ್ನೇ ಮತ್ತೆ ತುಂಬಲು ರೈತ ಯೂರಿಯಾಕ್ಕೆ ಸಾಲು ನಿಲ್ಲುತ್ತಾನೆ. ಕೂಲಿಯ ಮಾತು ಮಾತ್ರ ಗಟ್ಟಿ. ಕೂಳೆ ಬೆಳೆಗೆ ಗದ್ದೆ ಬೇಗ ಹಸನಾಗಬೇಕು. ಕಡ್ಡಿಪೆಟ್ಟಿಗೆಗಿಂತ ಅಗ್ಗದ ಆಳು ಯಾರಿದ್ದಾರೆ? ಹಾಗಾಗಿ ರೈತನಿಗೆ ದಂಡ ಹಾಕುವುದು ಸುಲಭ, ನ್ಯಾಯವಲ್ಲ. ತರಗು ಕತ್ತರಿಸಿ ಸಾಲುಗಳ ನಡುವೆ ಹೊದಿಸುವ ಯಂತ್ರ ಕಟಾವಿನ ವಾರದಲ್ಲೇ ಕಡಿಮೆ ಬಾಡಿಗೆಗೆ ಬಂದರೆ ನಾನು ಹುಟ್ಟುವುದೇ ಇಲ್ಲ.

ಪ್ರಶ್ನೆ: ಸರ್ಕಾರದ ಮಿತಿಯೊಳಗೇ ಇದ್ದೀರೇನೋ?

ಕಣ: ಯಾವ ಮಿತಿ? ಸೂಕ್ಷ್ಮಕಣಕ್ಕೆ ನಮ್ಮ ದೇಶದ್ದು ದಿನದ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಭಾರತೀಯ ಶ್ವಾಸಕೋಶ ನಾಲ್ಕು ಪಟ್ಟು ಗಟ್ಟಿ ಅಂತ ಕಾಣುತ್ತದೆ! ಮೊದಲು ಪ್ರತಿ ಊರಲ್ಲೂ ಸಂಜೆಯ ಹೊಗೆ ಅಳೆಯಿರಿ. ಎಣಿಕೆಗೆ ಬಾರದ್ದಕ್ಕೆ ಬಜೆಟ್ಟೂ ಬರುವುದಿಲ್ಲ, ಯಂತ್ರವೂ ಬರುವುದಿಲ್ಲ. ಅಲ್ಲಿಯವರೆಗೆ ನನ್ನ ವಿರುದ್ಧದ ಸಾಕ್ಷಿ ನಿಮ್ಮ ಕೆಮ್ಮೊಂದೇ. ಅದನ್ನು ಯಾವ ಕಡತಕ್ಕೂ ಲಗತ್ತಿಸಲಾಗದು.