ಮೀಟರ್ ಹಾಕಿದ ಮಾತು

ಮೀಟರ್ ಹಾಕಿ ಎಂದು ಆಟೋದವರ ಹತ್ತಿರ ಜಗಳವಾಡುವ ಬೆಂಗಳೂರಿನಲ್ಲಿ, ಮೀಟರ್ ಹಾಕಬೇಡಿ ಎಂದು ಕೈಮುಗಿಯಬೇಕಾದ್ದು ವಕೀಲರಿಗೆ ಮಾತ್ರ.

ನಾನೂ ನನ್ನ ಭಾವಮೈದನೂ ಸೇರಿ ಚಟ್ನಿಪುಡಿ, ಹುಳಿಪುಡಿಯ ಕಂಪನಿ ಕಟ್ಟಿದಾಗ (ಈಗ ಅದಕ್ಕೂ ಸ್ಟಾರ್ಟಪ್ ಎನ್ನಬೇಕಂತೆ) ಮೊದಲು ಸಿಕ್ಕ ವಕೀಲರದು ಗಂಟೆ ಲೆಕ್ಕ. ಈ ಲೆಕ್ಕದವರು ಗಂಟೆಯನ್ನು ಆರಾರು ನಿಮಿಷದ ಹತ್ತು ಹೋಳು ಮಾಡಿಟ್ಟಿರುತ್ತಾರೆ. ಏಳನೇ ನಿಮಿಷಕ್ಕೆ ಕಾಲಿಟ್ಟಿರೋ, ಎರಡನೇ ಹೋಳಿನ ದುಡ್ಡು. ಭಾವಮೈದನಿಗೋ "ಊಟ ಆಯ್ತಾ ಸರ್?" ಎನ್ನದೆ ಮಾತೇ ಹೊರಡದು. ಅವರದು ಆಗಿತ್ತು, ಮುದ್ದೆ ಬಸ್ಸಾರು. ಬಸ್ಸಾರಿಗೆ ಯಾವ ಸೊಪ್ಪು ಎಂಬ ವಿಚಾರಣೆಯೂ ಸಾವಕಾಶವಾಗಿ ನಡೆಯಿತು. ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಆ ಸೊಪ್ಪು "ದೂರವಾಣಿ ಸಮಾಲೋಚನೆ" ಎಂಬ ಗಂಭೀರ ಹೆಸರಿಟ್ಟುಕೊಂಡು ಕೂತಿತ್ತು. ಪ್ರಶ್ನೆಗಳನ್ನೆಲ್ಲ ಗುಡ್ಡೆಹಾಕಿ ಒಂದೇ ಮೇಲ್‌ನಲ್ಲಿ ಕಳಿಸತಕ್ಕದ್ದು, ಫೋನು ನನ್ನ ಕೈಯಲ್ಲೇ ಇರತಕ್ಕದ್ದು ಎಂಬ ಶಾಸನ ನಮ್ಮಲ್ಲಿ ಅಂದೇ ಜಾರಿಗೆ ಬಂತು.

ಕಡಿಮೆ ಫೀಸಿನವರನ್ನು ಹುಡುಕೋಣವೆಂದರೆ ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲ್‌ನ 36ನೇ ನಿಯಮ ಬಿಡದು. ಗೆದ್ದರೆ ಪಾಲು ಕೊಡುತ್ತೇವೆ ಎನ್ನೋಣವೆಂದರೆ 20ನೇ ನಿಯಮ ಅಡ್ಡ. ಕೊನೆಗೆ ಅವರಿವರನ್ನು ಕೇಳಿ ಸಿಕ್ಕವರು, ಕೆಲಸಕ್ಕಿಷ್ಟು ಎಂದು ಮೊದಲೇ ಹೇಳಿಬಿಡುವವರು. ಟ್ರೇಡ್‌ಮಾರ್ಕಿಗೆ ಕಂಪನಿಗಳು ಆನ್‌ಲೈನಿನಲ್ಲಿ ಕಟ್ಟುವ 9,000 ರೂಪಾಯಿ, ಸ್ಟಾರ್ಟಪ್ ಮಾನ್ಯತೆ ಇದ್ದರೆ 4,500ಕ್ಕೆ ಇಳಿಯುತ್ತದೆಂದು ತಾವಾಗಿಯೇ ಹೇಳಿದರು. ಉಳಿದ ದುಡ್ಡು ಅವರ ಫೀಸಿಗೇ ಹೋಯಿತೆನ್ನಿ.

ಪುಡಿ ಹುರಿಯುವ ಭಟ್ಟರ ಕೈಯಲ್ಲಿ ಒಂದು ಕರಾರಿಗೂ ಸಹಿ ಹಾಕಿಸಿದ್ದೆವು: ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪುಡಿ ವ್ಯಾಪಾರ ಮಾಡಕೂಡದು. ಭಟ್ಟರು ಕೆಲಸ ಬಿಟ್ಟರು, ಪಕ್ಕದ ರಸ್ತೆಯಲ್ಲೇ ಅಂಗಡಿ ತೆರೆದರು. ನಾನು ಫೋನು ಮಾಡಿದೆ.

"ಅದು ನಿಲ್ಲಲ್ಲ ಸ್ವಾಮಿ. 1872ರ ಕರಾರು ಕಾಯ್ದೆ, 27ನೇ ಸೆಕ್ಷನ್."

"ಮತ್ತೆ ಯಾಕೆ ಸರ್ ಬರೆದಿರಿ?"

"ಆಗಲೂ ಹೇಳಿದ್ದೆ. ಹೆದರಿಕೆಗಾದರೂ ಇರಲಿ ಅಂತ ನೀವೇ ಹಟ ಹಿಡಿದಿರಿ."

"ಭಟ್ಟರು ಹೆದರಲೇ ಇಲ್ಲವಲ್ಲ."

"ಅವರೂ ಯಾರೋ ವಕೀಲರನ್ನ ಕೇಳಿರ್ತಾರೆ."

ಭಾವಮೈದ ನನ್ನ ಕೈಯಿಂದ ಫೋನು ಕಿತ್ತುಕೊಂಡ. "ಸರ್, ಊಟ ಆಯ್ತಾ? ಆ ವಕೀಲರು ಎಷ್ಟು ತಗೋತಾರೆ ಅಂತ ಏನಾದ್ರೂ ಗೊತ್ತಾ?"